ಸಫೇದದ ಮೇಲೆ ಕಪ್ಪು

೧೪ ಜೂನ್ ೧೯೯೯, ನಂಜನಗೂಡು
ನರಸೀಪುರದ ಸ್ಕೂಲಲ್ಲಿ ಮಕ್ಕಳಿಗೆ ಪಾಠ ಮುಗಿಸಿ ಐದರ ಬಸ್ಸಿಗೆ ಬಂದೆ. ಬಂದವಳೇ ಸಫೇದ ಅರೆದೆ. ಹಾರ್ಡ್‌ವೇರ್ ಅಂಗಡೀದೇ — ಬಡಗಿಗಳು ಬಾಗಿಲಿಗೆ ಬಳಿಯೋ ಸೀಸದ ಬಿಳಿ. ಅಗಸೆ ಎಣ್ಣೇಲಿ ಕಲಸಿದರೆ ಬೆಣ್ಣೆ. ಆರ್ಟ್ ಕಾಲೇಜಲ್ಲಿ ಕಲಿಸಿದ್ದು ಟ್ಯೂಬಿನ ‘ಫ್ಲೆಶ್ ಟಿಂಟ್’. ಯಾರ ಮೈಯೋ ಆ ರೋಸ್ ಬಣ್ಣ! ನಮ್ಮ ಹೆಮ್ಮರಗಾಲದ ಕೇರೀಲಿ ಯಾರಿಗೂ ಇಲ್ಲ. ಅಡಿಗೆ ದಪ್ಪ ಸಫೇದ, ಮೇಲೆ ತೆಳ್ಳಗೆ ಕಂದು, ಕಪ್ಪು, ಪದರ ಪದರ... ಚಿತ್ರದಲ್ಲಿ ದೊಡ್ಡಮ್ಮನ ತೋಳು ಒಳಗಿಂದ ಬೆಳಗಿತು.
ಕೂತು ಕೂತು ಸಾಕಾಗಿ ಬೈದಳು. “ಬ್ರಶ್ಶ ಬಾಯ್ಗಿಕ್ಕಬ್ಯಾಡ ಕನವ್ವ, ಮಗೀನಂಗೆ.”
ಅಭ್ಯಾಸ. ಇಲ್ಲದಿದ್ರೆ ತುದಿ ಚೂಪಾಗಲ್ಲ.

೨ ಅಕ್ಟೋಬರ್
ರಜೆ. ಮತ್ತೆ ಹೊಟ್ಟೆನೋವು. ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದ ಹಾಗೆ. ಕೈ ಅದುರುತ್ತೆ. ಚಿತ್ರದಲ್ಲಿ ದೊಡ್ಡಮ್ಮನ ಭುಜದ ಒಂದು ಗೆರೆ ಹೋಗಿ ಮೂರಾಯ್ತು. ಒರೆಸೋಕೆ ಹೋದೆ. ಬಿಟ್ಟೆ.

೨೧ ನವೆಂಬರ್
ಮೈಸೂರಲ್ಲಿ ನನ್ನ ಮೊದಲ ಶೋ. ಗ್ಯಾಲರಿ ನಡೆಸೋ ಗಂಗಾಧರಸ್ವಾಮಿ ಅವರು ಆ ಅದುರಿದ ಭುಜದ ಮುಂದೇ ನಿಂತುಬಿಟ್ಟರು.
“ರಂಜಿನಿಯವರೇ, ಈಗ ನೀವು ಸಿಕ್ಕಿದ್ರಿ. ಮುಂಚಿನವನ್ನ ಯಾರು ಬೇಕಾದ್ರೂ ಬರೀಬಹುದಿತ್ತು. ಏಪ್ರಿಲ್ ಕೊನೆಗೆ ಬೆಂಗಳೂರಲ್ಲಿ ದೊಡ್ಡ ಶೋ. ಇಂಥವೇ ಆರು ಕೊಡಿ.”
ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ. ತಾಂಡವಪುರದ ಹತ್ರ ಟಿಕೆಟ್ ಕೈಜಾರಿತು. ಎತ್ಕೊಳ್ಳೋಕೆ ಬೆರಳು ಮಡಚಲಿಲ್ಲ.

೯ ಡಿಸೆಂಬರ್
ಡಾಕ್ಟರ್ ಗುರುಮಲ್ಲಪ್ಪ ತುಟಿ ಎತ್ತಿ ಟಾರ್ಚ್ ಬಿಟ್ಟರು. ಒಸಡಿನ ಅಂಚಲ್ಲಿ ನೀಲಿ ಗೆರೆಯಂತೆ.
“ಸೀಸ ಕಣಮ್ಮ. ರಕ್ತಕ್ಕೆ ಸೇರಿದೆ. ಆ ಬಿಳಿ ಬಣ್ಣ ಇವತ್ತೇ ಬಿಡು. ಇಲ್ದಿದ್ರೆ ಮಣಿಕಟ್ಟು ಜೋತುಬೀಳುತ್ತೆ. ಆಮೇಲೆ ತಲೆ, ನೆನಪು.”
“ಸರಿಹೋಗುತ್ತಾ ಸಾರ್?”
“ಬಿಟ್ರೆ.”

೬ ಫೆಬ್ರವರಿ ೨೦೦೦
ಬಿಟ್ಟು ಎರಡು ತಿಂಗಳು. ಆಸ್ಪತ್ರೆ, ಇಂಜೆಕ್ಷನ್. ಹೊಟ್ಟೆ ತಣ್ಣಗಿದೆ, ಕೈ ಗಟ್ಟಿ. ಸೀಸವಿಲ್ಲದ ಝಿಂಕ್ ಬಿಳಿಯಲ್ಲಿ ಎರಡು ಚಿತ್ರ ಮುಗಿಸಿದೆ.
ಗಂಗಾಧರಸ್ವಾಮಿ ಮನೆಗೇ ಬಂದು ನೋಡಿದರು. “ಚೆನ್ನಾಗಿವೆ... ಆದ್ರೆ ಇದು ನೀವಲ್ಲ.”
ಅವರು ಹೋದ ಮೇಲೆ ಬೇಕಂತಲೇ ಅದುರಿಸಿ ಬರೆದೆ. ದೊಡ್ಡಮ್ಮಂಗೂ ಗೊತ್ತಾಯ್ತು. “ಯಾಕವ್ವ ಸುಳ್‌ಸುಳ್ಳೇ ನಡುಗಿಸ್ತೀಯೆ?”

೧೧ ಫೆಬ್ರವರಿ
“ಟೀಚರ್ ಬಂದು ಬಾಳ ದಿನಾಯ್ತು” ಅಂದ ಹಾರ್ಡ್‌ವೇರ್ ಅಂಗಡಿ ಪುಟ್ಟರಾಜು, ಸಫೇದ ಕಟ್ಟಿಕೊಡ್ತಾ.
“ಅದೇನವ್ವ?” ಮನೇಲಿ ಪೊಟ್ಟಣ ನೋಡಿ ದೊಡ್ಡಮ್ಮ.
“ಚಾಕ್ ಪುಡಿ. ಸ್ಕೂಲಿಗೆ.”
ನಂಬಿದಳು. ಶೋ ಮುಗಿಯೋ ತನಕ ಮಾತ್ರ ಅಂತ ನನಗೆ ನಾನೇ ಹೇಳ್ಕೊಂಡೆ.

೨೦ ಏಪ್ರಿಲ್
ಈ ಡೈರಿ ಎಡಗೈಲಿ ಬರೀತಿದೀನಿ. ಬಲದ ಮಣಿಕಟ್ಟು ಜೋತುಬಿದ್ದಿದೆ. ಬ್ರಶ್ ಬೆರಳಿಗೆ ಕಟ್ಟು ಅಂದೆ. ದೊಡ್ಡಮ್ಮ ಹಳೇ ಸೀರೆ ಹರಿದು ಕಟ್ಟಿದಳು — ಅಳ್ತಾ. ಆರನೇದೂ ಮುಗೀತು. ಇಷ್ಟು ಚೆಂದ ಯಾವತ್ತೂ ಬರೆದಿಲ್ಲ.
ಗಂಗಾಧರಸ್ವಾಮಿ ಫೋನು. ಭಾರಿ ಖುಷಿ. ಚಿತ್ರಕ್ಕೆ ಕೂತವರ ಹೆಸರು ಕ್ಯಾಟಲಾಗಿಗೆ ಬೇಕಂತೆ.
ದೊಡ್ಡಮ್ಮ ಅಂತ ಬರೆದೆ. ಅದು ಹೆಸರಲ್ಲ. ಹೊಡೆದುಹಾಕಿದೆ. ಅಮ್ಮನ ಅಕ್ಕ. ನನ್ನ ಸಾಕಿದವಳು. ಅಡುಗೆಮನೇಲಿ ಇದಾಳೆ, ಹೋಗಿ ಕೇಳಬಹುದು. ಕೇಳೋದು ಹೇಗೆ? ಮುಖ ಕಣ್ಣಮುಂದಿದೆ. ಹೆಸರು — ಮೊದಲ ಅಕ್ಷರ ಚ... ಅಲ್ಲ, ಸಿ —