ಒಂದು ಹಿಡಿ ತೌಡು

ಕೋವಿಲ್‌ಪಟ್ಟಿ
9 ಮಾರ್ಚ್ 1994

ನನ್ನ ಮುದ್ದು ಜೆಸಿಂತಾ,

ಬೈಯಬೇಡ, ಬೈಯಬೇಡ, ದಮ್ಮಯ್ಯ ಬೈಯಬೇಡ! ನಿನ್ನ ಎರಡು ಪತ್ರಗಳೂ ನನ್ನ ದಿಂಬಿನ ಕೆಳಗೇ ಇವೆ. ಬರೆಯಲು ಕೂತಾಗೆಲ್ಲ ಜೋಲಿಯೊಳಗಿಂದ ಕೂಗು ಬರುತ್ತದೆ. ಈಗ ಅತ್ತೆ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಾರೆ, ಇವರು ಮಿಠಾಯಿ ಅಂಗಡಿಗೆ ಹೋಗಿದ್ದಾರೆ, ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗೀಚುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಮ್ಮ ಸಿಸ್ಟರ್ ಬೆನೆಡಿಕ್ಟಾ ಥರ ಮೂಗು ಮುರಿಯಬೇಡ.

ಮೊದಲು ಸಿಹಿ ಸುದ್ದಿ. ಮಗ ನಗುತ್ತಾನೆ ಕಣೇ! ಒಂದೇ ಕೆನ್ನೆಯಲ್ಲಿ ಗುಳಿ, ಇನ್ನೊಂದು ಕೆನ್ನೆಗೆ ಮರೆತುಹೋಗಿದೆ. ಇವರಂತೂ ಅಂಗಡಿಯಿಂದ ಬಂದವರೇ ಮೈಯೆಲ್ಲ ಬೆಲ್ಲದ ಪಾಕದ ವಾಸನೆಯಲ್ಲೇ ಜೋಲಿಯ ಮುಂದೆ ಮಂಡಿಯೂರಿ, "ಏನ್ ಸಾರ್, ಇವತ್ತು ಎಷ್ಟು ಬಟ್ಟೆ ಒದ್ದೆ ಮಾಡಿದ್ರಿ? ಲೆಕ್ಕ ಒಪ್ಸಿ" ಅನ್ನುತ್ತಾರೆ. ಮುಂಚೆ ಬಂದ ಕೂಡಲೇ ನನ್ನ ಜಡೆ ಎಳೆಯುತ್ತಿದ್ದರು, ಅತ್ತೆಗೆ ಕಾಣದ ಹಾಗೆ ಅಂಗಿಯೊಳಗೆ ಮಲ್ಲಿಗೆ ಪೊಟ್ಟಣ ತರುತ್ತಿದ್ದರು. ಮೊನ್ನೆಯೂ ಅಂಗಿಯೊಳಗಿಂದ ಪೊಟ್ಟಣ ಬಂತು. ಕುಣಿದುಕೊಂಡು ಹೋಗಿ ಬಿಚ್ಚಿದರೆ ಗ್ರೈಪ್ ವಾಟರ್! ಇವರು ನಕ್ಕರು, ನಾನೂ ನಕ್ಕೆ.

ಮನೆಗೆ ಬಂದವರೆಲ್ಲ ಮೊದಲು ಮಗುವನ್ನು ನೋಡುತ್ತಾರೆ, ಆಮೇಲೆ ನನ್ನ ಎದೆಯನ್ನು. "ಹಾಲು ಸಾಕಾಗುತ್ತೇನಮ್ಮಾ?" ಅದಕ್ಕೇ ಅತ್ತೆ ದಿನಾ ಸೊರ ಮೀನು ಬಿಡಿಸಿ ಹುರಿದ ಪುಟ್ಟು, ಬೆಳ್ಳುಳ್ಳಿ ಗೊಜ್ಜು ಮಾಡಿ ಎದುರಿಗೇ ಕೂತು ತಿನ್ನಿಸುತ್ತಾರೆ. ಹಾಲಿಗೇನೂ ಬರವಿಲ್ಲ. ನನ್ನ ಸೀರೆ, ದಿಂಬು, ಕನಸು ಎಲ್ಲವೂ ಹಾಲಿನ ಹುಳಿ ವಾಸನೆ. ತಲೆ ಬಾಚಿಕೊಂಡದ್ದು ಯಾವತ್ತು ಅಂತ ನೆನಪಿಲ್ಲ. ನೀನು ಕಳಿಸಿದ ಇಂಗ್ಲಿಷ್ ಪುಸ್ತಕದಲ್ಲಿ ಬಾಣಂತಿಯರೆಲ್ಲ ಬಿಳಿ ಹಾಸಿಗೆಯ ಮೇಲೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಕೂತಿದ್ದಾರೆ. ಅವರ ಅತ್ತೆಯರು ಎಲ್ಲಿದ್ದಾರೋ.

ಆ ಪುಸ್ತಕದಲ್ಲಿ ತೌಡಿನ ವಿಷಯವೂ ಇಲ್ಲ. ಕೇಳು, ಕೇಳು!

ಹಾಸ್ಟೆಲಿನಲ್ಲಿ ನೀನು ನನ್ನನ್ನು ರೇಗಿಸುತ್ತಿದ್ದೆಯಲ್ಲ, "ನಿಮ್ಮಮ್ಮ ನಿನ್ನನ್ನ ತೌಡು ಕೊಟ್ಟು ತಗೊಂಡಿದ್ದು" ಅಂತ? ನನ್ನ ಗಂಡನನ್ನು ನಿಜವಾಗಿಯೂ ತೌಡು ಕೊಟ್ಟು ತಗೊಂಡದ್ದು! ಇವರ ಅಕ್ಕ ಚೆಲ್ಲಕ್ಕನಿ ಆದ ಮೇಲೆ ಅತ್ತೆಗೆ ಎರಡು ಗಂಡು ಹುಟ್ಟಿ ಜೋಲಿಯಲ್ಲೇ ಹೋದವಂತೆ. ಇವರು ಹುಟ್ಟಿದಾಗ ಅತ್ತೆ ಮೊರದಲ್ಲಿ ಮಲಗಿಸಿ, ಸೊಪ್ಪು ಮಾರುವವಳಿಗೆ ತೌಡಿಗೆ ಮಾರಿ, ಸಂಜೆ ಅದೇ ತೌಡು ಕೊಟ್ಟು ಬಿಡಿಸಿಕೊಂಡರು. ಸಾವು ಬಂದು ಕೇಳಿದರೆ "ಇದು ನನ್ನ ಮಗುವಲ್ಲ, ಕೊಂಡ ಸರಕು" ಅನ್ನಬಹುದಲ್ಲ. ಪಿಚ್ಚೈಮುತ್ತು ಅನ್ನುವ ಹೆಸರೂ ಅದಕ್ಕೇ, ಭಿಕ್ಷೆಯಲ್ಲಿ ಸಿಕ್ಕ ಮುತ್ತು.

ಈಗ ಮೊಮ್ಮಗನ ಸರದಿ. "ನನ್ನ ಮಕ್ಕಳು ಯಾರೂ ಹೋಗಿಲ್ಲವಲ್ಲ ಅತ್ತೆ" ಅಂದೆ.

"ಹೋಗೋವರೆಗೂ ಕಾಯ್ಬೇಕಾ? ಕಾನ್ವೆಂಟಲ್ಲಿ ಇದನ್ನೇ ಕಲಿಸಿದ್ರಾ ತಾಯಿ?"

ಕೊಳ್ಳುವವರು ಪಕ್ಕದ ಬೀದಿಯ ಚೆಲ್ಲಕ್ಕನಿ ಅಕ್ಕನೇ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರಿಗೆ ಮಕ್ಕಳಿಲ್ಲ. "ಅವಳ ಮಡಿಲೂ ಒಂದು ಹಗಲು ತುಂಬ್ಲಿ" ಅಂದರು ಅತ್ತೆ.

ಕಳೆದ ಶುಕ್ರವಾರ ಬೆಳಿಗ್ಗೆ ಹಿತ್ತಲ ಬಾಗಿಲಿನಲ್ಲಿ ವ್ಯಾಪಾರ. ಇವನು ಮೊರದಲ್ಲಿ ಬೆರಳು ಚೀಪುತ್ತಾ ಮಲಗಿದ್ದ. ಅಕ್ಕ ನನ್ನ ಮಡಿಲಿಗೆ ತೌಡು ಸುರಿದು, "ಈ ತೌಡಿಗೆ ಈ ಗಂಡು, ಒಪ್ಪಿಗೆನಾ?" ಅಂದರು. "ಒಪ್ಪಿಗೆ" ಅಂದೆ. ಅವರು ಮೊರದ ಸಮೇತ ಇವನನ್ನು ಎತ್ತಿಕೊಂಡು ತಿರುಗಿ ನೋಡದೆ ಹೋದರು, ಹಾಗೆ ಹೋಗಬೇಕಂತೆ. ಮನೆಯಲ್ಲಿ ಸದ್ದೇ ಇಲ್ಲ. ಖಾಲಿ ಜೋಲಿ ಸುಮ್ಮನೆ ತೂಗುತ್ತಿತ್ತು.

ದೀಪ ಹಚ್ಚುವುದರೊಳಗೆ ಹೆತ್ತವಳೇ ಹೋಗಿ ಬಿಡಿಸಿಕೊಂಡು ಬರಬೇಕು. ಹೊತ್ತು ಮೀರಿದರೆ ಮಗು ಕೊಂಡವಳಿಗೇ ಅಂತೆ. "ತೌಡೆಲ್ಲಾ ಸುರೀಬೇಕು ನೋಡು" ಅಂತ ಅತ್ತೆ ಎಚ್ಚರಿಸಿದ್ದರು. "ಒಂದು ಚಿಟಿಕೆ ಉಳಿದ್ರೂ ಅಷ್ಟರಮಟ್ಟಿಗೆ ಮಗು ಕೊಂಡವಳದೇ."

ನಾನು ಏನು ಮಾಡಿದೆ ಗೊತ್ತಾ? ಮಡಿಲಿನ ತೌಡಿನ ಸಮೇತ ನಿದ್ದೆ ಹೋದೆ! ಅತ್ತೆ ಕರೆದು ಕರೆದು ಕೊನೆಗೆ ಭುಜ ಹಿಡಿದು ಎಬ್ಬಿಸಿದಾಗ ಬೀದಿಯಲ್ಲೆಲ್ಲ ದೀಪ. ಓಡಿದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದರು. ಇವನಿಗೆ ಎರೆದು, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಭುಜದ ಮೇಲೆ ಮಲಗಿಸಿಕೊಂಡಿದ್ದರು.

"ಅಮ್ಮಾ, ನಿಮ್ಮ ಮಗುನ ನನಗೆ ಕೊಡಿ" ಅಂದೆ, ಹಾಗೇ ಕೇಳಬೇಕು.

"ಯಾರಮ್ಮಾ ನೀನು? ದೀಪ ಹಚ್ಚಿ ಆಯ್ತಲ್ಲ" ಅಂತ ಅಕ್ಕ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ನಾನು ಮೊರಕ್ಕೆ ತೌಡು ಸುರಿದೆ. ಅವರ ಕೈ ಸಡಿಲವಾಗಲಿಲ್ಲ.

"ಕನಿ, ಕೊಡೇ. ಆಟ ಸಾಕು" ಅಂದರು ಅತ್ತೆ.

ಕೊಟ್ಟರು. ಇವನ ಮೈಯೆಲ್ಲ ಅವರ ಅರಿಸಿನದ ವಾಸನೆ. ಬೀದಿ ದಾಟುವವರೆಗೂ ಅಳುತ್ತಲೇ ಇದ್ದ.

ಹೀಗೆ ನಿನ್ನ ಗೆಳತಿ ತನ್ನ ಮಗುವನ್ನು ತಾನೇ ಕೊಂಡಳು. ನಗು ಬರುತ್ತಿಲ್ಲವಾ? ಈಸ್ಟರ್ ರಜೆಗೆ ಬಾ. ನಿನಗೆ ಕಡಲೆ ಮಿಠಾಯಿಯ ಪಾಕ ಕಾಯಿಸುವುದನ್ನು ತೋರಿಸುತ್ತೇನೆ ಅಂತ ಇವರು ಹೇಳಿದ್ದಾರೆ. ನಿನ್ನ ಅಮ್ಮನ ಮಂಡಿನೋವು ಬೇಗ ವಾಸಿಯಾಗಲಿ. ನೀನು ಪಾಠ ಹೇಳುವ ಪೋಲಿ ಹುಡುಗಿಯರಿಗೆ ನಮ್ಮಷ್ಟೇ ಒಳ್ಳೇ ಗೆಳತಿಯರು ಸಿಗಲಿ. ನಿನ್ನ ಮಾತೆ ಮೇರಿ ನಿನ್ನ ತಲೆ ಕಾಯಲಿ, ಸಮಯವಿದ್ದರೆ ನನ್ನದನ್ನೂ.

ನಿನ್ನವಳೇ,
ಮದಿವದನಿ

ತಾ.ಕ.: ನಾನು ನಿದ್ದೆ ಮಾಡಿರಲಿಲ್ಲ ಜೆಸಿ. ಅತ್ತೆ ಮೊದಲ ಸಲ ಕರೆದಾಗಲೇ ಕೇಳಿಸಿತ್ತು. ಗೋಡೆಯ ಕಡೆ ತಿರುಗಿ, ಬೆಳಕು ಹೋಗಿಬಿಡಲಿ ಅಂತ ಕಾಯುತ್ತಿದ್ದೆ. ಹಾಲು ಸೋರಿ ಮಡಿಲ ತೌಡು ಮುದ್ದೆಯಾಗುತ್ತಿತ್ತು, ಆದರೂ ಏಳಲಿಲ್ಲ. ಅವನಿಗೆ ಕೇಡಾಗಲಿ ಅಂತಲ್ಲ, ನಮ್ಮಮ್ಮನ ಆಣೆ. ಅವನು ನಕ್ಕರೆ ಎಲ್ಲರ ಮುಖವೂ ಅರಳುತ್ತದೆ. ನಾನೂ ಅರಳಿಸುತ್ತೇನೆ, ಒಳಗೆ ಏನೂ ಆಗುವುದಿಲ್ಲ. ಇದನ್ನು ಯಾರಿಗೆ ಹೇಳಲಿ?

ಮೊರಕ್ಕೆ ಸುರಿಯುವಾಗ ಆ ಒದ್ದೆ ತೌಡು ಒಂದು ಹಿಡಿ ನನ್ನ ಮುಷ್ಟಿಯಲ್ಲೇ ಉಳಿಯಿತು. ನಾನೇ ಉಳಿಸಿಕೊಂಡೆ. "ಎಲ್ಲಾ ಕೊಟ್ಟೆ ತಾನೆ?" ಅಂದರು ಅತ್ತೆ. ಹೂಂ ಅಂದೆ. ನನ್ನ ಮದುವೆಗೆ ನೀನು ಕಸೂತಿ ಹಾಕಿ ಕೊಟ್ಟ ಕರವಸ್ತ್ರದಲ್ಲಿ ಕಟ್ಟಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಅಕ್ಕನಿಗೆ ಕೊಟ್ಟುಬಿಡೋಣ ಅಂತ ಹೊರಟವಳು ಬೀದಿಯ ತಿರುವಿನಿಂದಲೇ ವಾಪಸು ಬಂದೆ.

ಈಸ್ಟರ್‌ವರೆಗೂ ಕಾಯಬೇಡ. ಬಂದವಳು ಜೋಲಿಯ ಹತ್ತಿರ ಹೋಗಬೇಡ, ನೇರ ಅಡುಗೆಮನೆಗೆ ಬಾ. ನನ್ನ ಕೈ ಹಿಡಿದು ಅಕ್ಕನ ಬಾಗಿಲವರೆಗೆ ಕರೆದುಕೊಂಡು ಹೋಗು. ತೌಡು ವಾಸನೆ ಬರತೊಡಗಿದೆ. ಅತ್ತೆ ಇವತ್ತು ಬೆಳಿಗ್ಗೆಯಿಂದ ಎಲ್ಲಿಂದ, ಎಲ್ಲಿಂದ ಅಂತ ಮೂಸುತ್ತಿದ್ದಾರೆ.