ನಮ್ಮ ಭಾವ ರಸ್ತೆ ದಾಟುವುದು ಹೇಗೆ?

ನಗರಸಭೆಯ ರಸ್ತೆ ಸುರಕ್ಷತಾ ವಿಭಾಗದ ಮುಖ್ಯಸ್ಥರಿಗೆ,

ಬಿಳಿ ಪಟ್ಟೆಗಳಿಗೆ ಕಪ್ಪು ಬಳಿಸಿದ ಮಾನ್ಯರೇ,

ನಮ್ಮ ಮನೆಯೆದುರಿನ ಮುಖ್ಯರಸ್ತೆಯಲ್ಲಿ ಜನ ದಾಟಲೆಂದು ಇದ್ದ ಪಟ್ಟೆಗಳನ್ನು ಕಳೆದ ತಿಂಗಳು ತಾವು ಅಳಿಸಿದಿರಿ. ಅವನ್ನು ಮತ್ತೆ ಬಳಿಸಿ ಎಂದು ಕೇಳುವುದಕ್ಕೆ ಈ ಪತ್ರ. ರಸ್ತೆಯ ಸಾವುನೋವು ತಗ್ಗಿಸುವ ಅಭಿಯಾನದ ಅಂಗವಾಗಿ ಇದು ನಡೆಯಿತೆಂದು ತಮ್ಮ ಪ್ರಕಟಣೆ ಹೇಳುತ್ತದೆ. ನಡೆದು ಹೋಗುವವರಿಗೆ ಹೆಚ್ಚು ಪೆಟ್ಟಾಗುವುದು ಎಲ್ಲಿ ಎಂದು ತಾವು ಅಧ್ಯಯನ ಮಾಡಿಸಿದಿರಿ. ಪಟ್ಟೆಗಳ ಮೇಲೆ ಎಂದು ಉತ್ತರ ಬಂತು. ಜನ ದಾಟುವುದೇ ಅಲ್ಲಿ. ಬೇರೆ ಉತ್ತರ ಬರುವುದು ಕಷ್ಟವಿತ್ತು. ವಾಹನಗಳು ಅಲ್ಲಿ ನಿಲ್ಲುತ್ತಿಲ್ಲ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದಿತ್ತು. ಪಟ್ಟೆಗಳೇ ಅಪಾಯಕಾರಿ ಎಂದು ತಾವು ಅರ್ಥಮಾಡಿಕೊಂಡಿರಿ. ಜನ ಹೆಚ್ಚಾಗಿ ಸಾಯುವುದು ಆಸ್ಪತ್ರೆಯ ಮಂಚದ ಮೇಲೆ ಎಂಬುದನ್ನು ಯಾರೂ ಇನ್ನೂ ತಮ್ಮ ಗಮನಕ್ಕೆ ತಂದಿಲ್ಲವೆಂದು ಕಾಣುತ್ತದೆ. ದಯವಿಟ್ಟು ಆರೋಗ್ಯ ವಿಭಾಗಕ್ಕೆ ವರ್ಗ ಮಾಡಿಸಿಕೊಳ್ಳಬೇಡಿ.

ತಮ್ಮ ಅಧ್ಯಯನದಲ್ಲಿ ನನ್ನ ಭಾವನೂ ಸೇರಿದ್ದಾರೆ. ಕನ್ನಡಕದ ಅಂಗಡಿ ನಡೆಸುವ ಅವರನ್ನು ಆ ಪಟ್ಟೆಗಳ ಮೇಲೆಯೇ ಕಾರೊಂದು ಕೆಡವಿತು. ಎದುರಿಗೆ ಮನುಷ್ಯ ಇದ್ದದ್ದು ಕಾಣಲೇ ಇಲ್ಲ ಎಂದು ಚಾಲಕ ಹೇಳಿದ. "ಅವನನ್ನ ಅಂಗಡಿಗೆ ಕರ್ಕೊಂಡ್ ಬನ್ನಿ, ಪುಕ್ಕಟೆ ಕಣ್ಣು ಟೆಸ್ಟ್ ಮಾಡಿಕೊಡ್ತೀನಿ" ಎಂದು ಭಾವ ಸ್ಟ್ರೆಚರಿನ ಮೇಲಿಂದಲೇ ಅಂದರು. ನಗು ಉಳಿಯಿತು, ಮೊಣಕಾಲು ಮುರಿಯಿತು. ಶಸ್ತ್ರಚಿಕಿತ್ಸೆಯ ನಂತರ ದಿನವೂ ಫಿಸಿಯೋಥೆರಪಿ ಬೇಕು, ಈಗ ತಪ್ಪಿಸಿದರೆ ಕಾಲು ಮತ್ತೆ ಮಡಚುವುದೇ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಕೇಂದ್ರವಿರುವುದು ರಸ್ತೆಯ ಆಚೆ ಬದಿಗೆ, ಅಕ್ಕನ ಕಿಟಕಿಯಿಂದ ಕಾಣುವಷ್ಟು ಹತ್ತಿರ. ಆಟೋದವರನ್ನು ಕರೆದರೆ, "ಕಣ್ಣಿಗೆ ಕಾಣೋ ಬಿಲ್ಡಿಂಗಿಗೆ ಆಟೋನಾ ಸ್ವಾಮಿ?" ಎಂದು ಹೊರಟುಹೋಗುತ್ತಾರೆ. ಪಟ್ಟೆಗಳಿದ್ದ ಜಾಗದಲ್ಲಿ ತಾವು ನೆಟ್ಟ ಫಲಕ ಬಸ್ ನಿಲ್ದಾಣದಾಚೆಯ ಮೇಲ್ಸೇತುವೆಯನ್ನು ಬಳಸಲು ಹೇಳುತ್ತದೆ. ಅಷ್ಟು ಮೆಟ್ಟಿಲು ಹತ್ತಬಲ್ಲ ಮೊಣಕಾಲಿದ್ದರೆ ಅವರು ಆ ಕೇಂದ್ರಕ್ಕೆ ಯಾಕೆ ಹೋಗಬೇಕಿತ್ತು?

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಪಟ್ಟೆ ಹೋದ ಮರುದಿನವೇ ಅವಳು ಮರದ ಅಳತೆಕೋಲನ್ನು ಅಡ್ಡ ಹಿಡಿದು ರಸ್ತೆಗಿಳಿದಳು. ಆಶ್ಚರ್ಯವೆಂದರೆ, ಮನುಷ್ಯರಿಗೆ ನಿಲ್ಲದ ವಾಹನಗಳು ಕೋಲಿಗೆ ನಿಂತವು. ರಸ್ತೆ ಅಗಲ ಮಾಡಲು ತಮ್ಮ ಕಚೇರಿಯವರೇ ಅಳತೆಗೆ ಬಂದಿದ್ದಾರೆಂದು ಎಲ್ಲರೂ ತಿಳಿದಿದ್ದರು. ಮೂಲೆಯ ಅಂಗಡಿಯವನು ಓಡಿಬಂದು, "ಮೇಡಂ, ನಮ್ಮ ಕಟ್ಟೆ ಒಡೀತೀರಾ?" ಎಂದು ಕೇಳಿದ.

"ಕಟ್ಟೆ ಹಾಗಿರ್ಲಿ, ನಿನ್ನ ಬೈಕ್ ತೆಗಿಯಪ್ಪ. ಇವರು ದಾಟ್ಬೇಕು."

ಹೀಗೆ ಭಾವ ದಾಟುತ್ತಿದ್ದರು. ಸೋಮವಾರ ತಮ್ಮ ಸಿಬ್ಬಂದಿಯೊಬ್ಬರು ಬಂದು, ಅನುಮತಿಯಿಲ್ಲದೆ ವಾಹನ ತಡೆಯುವುದು ಅಪರಾಧ, ಇನ್ನೊಮ್ಮೆ ಕಂಡರೆ ಕೋಲು ಜಪ್ತಿ ಎಂದು ಎಚ್ಚರಿಸಿ ಹೋದರು. ಆ ರಸ್ತೆಯಲ್ಲಿ ಸಂಚಾರ ನಿಯಮ ಜಾರಿಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದಿನಿಂದ ಭಾವ ಮನೆಯಲ್ಲೇ ಇದ್ದಾರೆ. ಕಾಲು ಬಿಗಿಯುತ್ತಿದೆ. ತಮಾಷೆ ಮಾಡುವುದನ್ನೂ ಬಿಟ್ಟಿದ್ದಾರೆ.

ನಾನು ತಮ್ಮ ಕಚೇರಿಗೂ ಬಂದಿದ್ದೆ. ತಾವು ಸುರಕ್ಷತಾ ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಕುರ್ಚಿ ಕೊಟ್ಟು ಸಮಾಧಾನ ಹೇಳಿದರು.

"ನೀವೇ ಹೇಳಿ ಸಾರ್, ಅಳಿಸಿದ್ಮೇಲೆ ಆ ಪಟ್ಟೆ ಮೇಲೆ ಒಂದಾದ್ರೂ ಆಕ್ಸಿಡೆಂಟ್ ಆಗಿದ್ಯಾ?"

"ಪಟ್ಟೆನೇ ಇಲ್ವಲ್ಲ."

"ಅದೇ ನಾನೂ ಹೇಳ್ತಿರೋದು."

ಇಷ್ಟು ಗಟ್ಟಿಯಾದ ತರ್ಕದ ಮುಂದೆ ನಾನು ಎದ್ದು ಬಂದೆ. ದಾಟಲಾರದೆ ಮನೆಯಲ್ಲಿ ಕೂತವರನ್ನೂ ತಾವು ಬದುಕುಳಿದವರ ಲೆಕ್ಕಕ್ಕೆ ಸೇರಿಸುತ್ತೀರೋ ಏನೋ, ಕೇಳುವ ಧೈರ್ಯವಾಗಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಪಟ್ಟೆಗಳನ್ನು ಮತ್ತೆ ಬಳಿಸಿ, ಅವುಗಳ ಮುಂಚೆ ಎರಡೂ ಕಡೆ ವಾಹನಗಳ ವೇಗ ತಗ್ಗಿಸುವ ಉಬ್ಬು ಹಾಕಿಸಿ. ಅದಕ್ಕೆ ಸಮಯ ಬೇಕೆಂದಾದರೆ ಸರಿ, ಆದರೆ ಮೊಣಕಾಲು ಕಾಯುವುದಿಲ್ಲ. ಅಲ್ಲಿಯವರೆಗೆ ದಿನವೂ ಬೆಳಿಗ್ಗೆ ತಾವೇ ಬಂದು ಭಾವನನ್ನು ದಾಟಿಸಿ. ಒಂದು ಪಕ್ಕದಲ್ಲಿ ಅಕ್ಕ ಇರುತ್ತಾಳೆ, ಇನ್ನೊಂದು ಪಕ್ಕದಲ್ಲಿ ತಾವು ನಡೆಯಿರಿ. ಅವರು ನಿಧಾನ, ಅವಸರ ಮಾಡಬೇಡಿ. ಅರ್ಧ ರಸ್ತೆಯವರೆಗೆ ವಾಹನಗಳು ಅಕ್ಕನ ಕಡೆಯಿಂದ ಬರುತ್ತವೆ. ಆಮೇಲೆ ತಮ್ಮ ಕಡೆಯಿಂದ.

ಇಂತಿ,
ರಸ್ತೆಯ ಈಚೆ ಬದಿಯಲ್ಲೇ ಸುರಕ್ಷಿತವಾಗಿ ಉಳಿದಿರುವ ಒಬ್ಬ ನಾಗರಿಕ