ಹುಣಸಿ ಗಿಡದ ಆರ್ಕಿಡ್ಡಿನ ಗೋತ್ರ

ಭಾವಾ,

ಕೆಟ್ಟ ಸುದ್ದಿ ಐತಿ. ನಿನ್ನ ಆರ್ಕಿಡ್ ಸತ್ತುಹೋತು. ಬೇರಿನಿಂದ ತುದೀತನಕ ಒಣಗಿತ್ತು. ಅಕ್ಕ ಅದನ್ನ ಒಲಿಗೆ ಹಾಕಿ ಹಾಲು ಕಾಸಿದಳು.

ಎದ್ದು ಕುಂತ್ಯಾ? ಸುಳ್ಳಪಾ, ಸುಳ್ಳು! ಮಲಕ್ಕೋ. ಅಕ್ಕನ ಕಿಟಕ್ಯಾಗ ಗಟ್ಟಿಮುಟ್ಟಾಗಿ ಐತಿ. ನೀ ಹೋದಮ್ಯಾಲ ನನ್ನ ಬೈಯೋರಿಲ್ಲ. ಭಾವ ಹೋಗಿ ಬರೇ ಅಭಾವ ಉಳದೈತಿ. ಒಂದ್ಸಲ ಬೈಸಿಕೊಳ್ಳೋಣಂತ ಹಂಗಂದೆ.

ನೆನಪೈತೇನು, ಪೆದ್ದಕಡುಬೂರು ದಾರ್ಯಾಗಿನ ಹುಣಸಿ ಗಿಡ? ನೀ ಪಂಚಿ ಎತ್ತಿ ಕಟ್ಟಿ ಮ್ಯಾಲೆ, ನಾ ನಿನ್ನ ಚಪ್ಪಲಿ ಕಾಯ್ಕೊಂತ ಕೆಳಗ. "ಆರ್ಕಿಡ್ ಅಂದ್ರ ಏನು ಭಾವಾ? ಆರ ಕಿಡ್ ಇದು?" ಅಂದೆ. ಕಾಲೇಜಿನ್ಯಾಗ ಬಾಟನಿ ಹೇಳೋ ನೀನು ಸಿಟ್ಟಾಗಲಿಲ್ಲ. "ಅದಾ ನೋಡೋ ಪ್ರಶ್ನೆ, ಕೋತಿ! ಯಾರ ಮಗು ಅನ್ನೋದಾ ತಿಳೀಬೇಕು" ಅಂದಿ. ಆ ಗಿಡದ ಮ್ಯಾಲಿನ ನೀಲಿ ತುಟಿ ಹೂವು, ಗುಡ್ಡದಾಗ ಸಿಕ್ಕ ಹಳದಿ ಪಟ್ಟಿಯ ಸಣ್ಣ ಹೂವು, ಎರಡೂ ಒಂದಾ ಬಳಗ ಅನ್ನೋದು ನಿನ್ನ ಹಟ.

ಕಾಲೇಜಿಗೆ ಬಂದಿದ್ದ ದೊಡ್ಡ ಪಂಡಿತರು ಎಲ್ಲಾರ ಮುಂದ ನಕ್ಕುಬಿಟ್ರಲ್ಲ ಅವತ್ತು. "ಮುಖಕ್ಕ ಮುಖ ಹೊಂದಂಗಿಲ್ಲಲ್ರೀ ಮೇಷ್ಟ್ರೆ!" ನೀನೂ ಬಿಡಲಿಲ್ಲ: "ಮುಖ ನೋಡಿ ಸಂಬಂಧ ಹೇಳ್ತೀರೇನ್ರಿ? ಗೋತ್ರ ಕೇಳಂಗಿಲ್ಲಾ? ಹುಳಾನ್ನ ಕರಿಯಾಕ ಹೂವು ವೇಷ ಬದಲಿಸ್ತೈತಿ. ಒಳಗಿನ ಡಿ.ಎನ್.ಎ. ತಾತ-ಮುತ್ತಾತರ ಗುರುತು ಹೊತ್ಕೊಂಡು ಬರ್ತೈತಿ." ಆದ್ರ ಅದನ್ನ ತೋರಸಾಕ ನಮ್ಮ ಆದವಾನಿಯೊಳಗ ಏನಿತ್ತು? ಕಡೀಗೆ ಆಸ್ಪತ್ರ್ಯಾಗ ಅಕ್ಕನ ಕೈ ಹಿಡದು, "ನನ್ನ ಮಾತು ಸುಳ್ಳಾಗೇ ಉಳೀತೇನೇ?" ಅಂದಿ. ಆಕಿ ಆ ಮಾತು ನುಂಗಿಕೊಂಡಳು ನೋಡು, ನೀ ಹೋಗಿ ವರ್ಷ ಆದ್ರೂ ಅರಗಿಲ್ಲ.

ನಿನ್ನ ಶಿಷ್ಯೆ ರಜಿಯಾ ಒಂದಿನ ಹೈದರಾಬಾದಿನಿಂದ ಟ್ರಂಕ್ ಕಾಲ್ ಮಾಡಿದಳು. ಈಗ ಆಕಿ ಲ್ಯಾಬಿನ್ಯಾಗ ಡಿ.ಎನ್.ಎ. ತುಂಡು ಮಾಡಿ ಹೋಲಿಸೋ ಕೆಲಸದಾಗ ಅದಾಳ. "ಎರಡೂ ಗಿಡದ ಹಸಿ ಎಲಿ ಕಳಸ್ರಿ ಮಾಮಾ" ಅಂದಳು. ನೀ ಗುಡ್ಡದಿಂದ ತಂದ ಹಳದಿ ಪಟ್ಟೀದು ಅಕ್ಕನ ಕಿಟಕ್ಯಾಗಿತ್ತು. ಇನ್ನೊಂದಕ್ಕ ಹುಣಸಿ ಗಿಡಕ್ಕ ಓಡಿದ್ರ, ಕೊಂಬಿ ಬೋಳು! ಯಾರೋ ಬದನಿಕಿ ಅಂದುಕೊಂಡು ಅಮಾಸಿ ದಿನ ಕಿತ್ತೊಯ್ದಿದ್ರು. ಬದನಿಕಿ ಗಿಡದ ರಸ ಹೀರ್ತೈತಿ, ಗಲ್ಲಾದಾಗ ಇಟ್ರ ಲಕ್ಷ್ಮಿ ನಿಲ್ತಾಳಂತ ನಮ್ಮ ಹತ್ತಿ ಸಾವಕಾರ್ರ ನಂಬಿಕಿ, ನಿನಗ ಗೊತ್ತಲ್ಲ. ಕೇಳ್ಕೊಂತ ಹೋದೆ. ವೀರಭದ್ರಪ್ಪನ ಗಲ್ಲಾಪೆಟ್ಟಿಗ್ಯಾಗ ಕುಂಕುಮ ಹಚ್ಚಿಸಿಕೊಂಡು ಕುಂತಿತ್ತು ನಿನ್ನ ಆರ್ಕಿಡ್!

"ಸಾವಕಾರ್ರೆ, ಇದು ಬದನಿಕಿ ಅಲ್ಲ. ಗಿಡದ ಮ್ಯಾಲ ಬರೇ ಕುಂದರ್ತೈತಿ, ರಸ ಹೀರಂಗಿಲ್ಲ. ನಮ್ಮ ಭಾವ ಹೇಳಿದ್ದು ಖರೇನೋ ಸುಳ್ಳೋ ಇದರ ಎಲಿಯೊಳಗ ಐತಿ. ಕೊಡ್ರಿ."

"ವದ್ದು ಸಾಮೀ, ಬ್ಯಾಡಾ ಬ್ಯಾಡ! ಇನ್‌ಕಮ್ ಟ್ಯಾಕ್ಸಿನೋರು ಬಂದಾರಂತ ಸುಳ್ಳು ಹೇಳಿ ನನ್ನ ಹತ್ತಿ ಮೂಟಿ ಹಿಂದ ಕುಂದರಿಸಿದವ ನೀನಾ ಅಲ್ಲೇನು? ನಿನ್ನ ನಂಬಲಾ?"

ಹುಟ್ಟಿದಮ್ಯಾಲ ಮೊದಲ ಸಲ ಖರೇ ಮಾಲು ತಂದಿದ್ದೆ, ಕೊಳ್ಳೋರಿಲ್ಲ. ಅಕ್ಕನ್ನ ಕರಕೊಂಡು ಹೋದೆ. ಆಕಿ ಅಂಗಡಿ ಮೆಟ್ಟಲ ಹತ್ತಲಿಲ್ಲ, ಅಲ್ಲಿಂದಾ ಅಂದಳು: "ಅಣ್ಣಾ, ಈತ ಊರಿಗೆಲ್ಲಾ ಸುಳ್ಳು ಹೇಳ್ಯಾನ. ಇವತ್ತಿನ ಮಾತಿಗೆ ನಾ ಜಾಮೀನು." ವೀರಭದ್ರಪ್ಪ ಎರಡೂ ಕೈಲೆ ಎತ್ತಿ ಕೊಟ್ಟ. "ಲಕ್ಷ್ಮಿ ಹೋದ್ರ ಹೋಗಲಿ ತಾಯೀ."

ನಿನ್ನೆ ರಜಿಯಾ ತಾನಾ ಮನಿಗೆ ಬಂದಳು, ಚಪ್ಪಲಿ ಬಿಡೋಕಿಂತ ಮೊದಲಾ ಕೂಗಿದಳು: "ಅಮ್ಮಾ, ಸರ್ ಗೆದ್ರು! ಮುಖ ಬ್ಯಾರೆ, ಮೂಲ ಒಂದಾ. ಹತ್ತಿರದ ಬಳಗ!" ಇನ್ನ ನಮ್ಮ ಕಡೆ ಗುಡ್ಡದಾಗಿನ ಎಲ್ಲಾ ಆರ್ಕಿಡ್ಡೂ ಹೋಲಿಸಿ, ಯಾವುದು ಯಾವುದರಿಂದ ಬಂತಂತ ವಂಶಾವಳಿ ಬರೀತಾಳಂತ. ಅಕ್ಕ ಕಾಫಿ ಲೋಟ ಕೆಳಗಿಟ್ಟಳು. ನಕ್ಕಳು. ಆಮ್ಯಾಲ, "ಅವರಿಗೆ ಹೇಳಬೇಕಿತ್ತಲ್ಲೋ" ಅಂದಳು.

ಅದಕ್ಕ ಬರದೆ.

ಒಂದು ಮಾತ್ರ ಒಪ್ಕೋತೀನಿ, ನಗಬ್ಯಾಡ. ಎಲಿ ಕಳಸಿದಮ್ಯಾಲ ತಡಕೊಳ್ಳಾಕಾಗಲಿಲ್ಲ. ದೇವರ ಮನಿಗೆ ತಲಿ ಹಾಕದ ನಾನು ಮಂತ್ರಾಲಯಕ್ಕ ಹೋಗಿ, ಹೊಳ್ಯಾಗ ಮುಳುಗಿ, ಒದ್ದಿ ಬಟ್ಟಿಮ್ಯಾಲ ಉರುಳುಸೇವಾ ಮಾಡಿದೆ. "ಅದು ಲಕ್ಷಾಂತರ ವರ್ಷದ ಹಿಂದಾ ಬರದಾಗೈತೋ ಮಬ್ಬಾ, ನೀ ಉರುಳಿದ್ರ ಬದಲಾಗ್ತೈತಾ?" ಅಂತಿ. ಗೊತ್ತಿತ್ತು ಭಾವಾ.

ಆದ್ರೂ ಉರುಳಿದೆ.